ದೊರೆ ಹುಲ್ಲು ಮುಟ್ಟಲಿಲ್ಲ

ಅಂಗಡಿಯ ಮೇಲಿನ ಮನೆ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಮೊದಲು ನಿನ್ನ ಆರೋಗ್ಯದ ಮಾತು. ಕಳೆದ ಸಲ ಬಂದಾಗ ಇದ್ದ ಕೆಮ್ಮು ಹೋಯಿತೇ, ಇಲ್ಲ ಆ ಸುರಂಗದ ಧೂಳಿನ ಜೊತೆ ಇನ್ನೂ ಸಂಸಾರ ಮಾಡಿಕೊಂಡಿದೆಯೇ? ಮೂಗಿಗೆ ಕಟ್ಟಿಕೊಳ್ಳಲೆಂದು ನಾನು ಹೊಲಿದುಕೊಟ್ಟ ಬಟ್ಟೆಯನ್ನು ಮೂಗಿಗೇ ಕಟ್ಟಿಕೊಳ್ಳುತ್ತಿದ್ದೀಯೋ, ಅಳತೆಯ ಯಂತ್ರ ಒರೆಸಲು ಇಟ್ಟುಕೊಂಡಿದ್ದೀಯೋ? ನಿನ್ನನ್ನು ನಾನು ಬಲ್ಲೆ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯಾ? ಇದನ್ನು ಬಾಯಿಮಾತಿಗೆ ಕೇಳುತ್ತಿಲ್ಲ. ಈ ವಾರದಲ್ಲಿ ಊಟ ಒಲ್ಲೆನ್ನುವವರನ್ನು ಕಂಡರೇ ನನಗೆ ಮೈ ಉರಿಯುತ್ತದೆ. ನಿನ್ನ ಶಿಬಿರಕ್ಕೆ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆಯಿತು. ಪ್ರತಿ ಸಲವೂ ಅದೇ ಹೆಂಗಸು, "ನೀವು ಕರೆ ಮಾಡಿದವರು ಸಂಪರ್ಕದಲ್ಲಿಲ್ಲ" ಅನ್ನುತ್ತಾಳೆ. ಅವಳ ದನಿ ಕೇಳಿ ಕೇಳಿ ಈಗ ನೆಂಟಳಾಗಿಬಿಟ್ಟಿದ್ದಾಳೆ. ಬೆಟ್ಟದ ಹೊಟ್ಟೆ ಬಗೆದು ರಸ್ತೆ ಮಾಡುವ ನಿಮ್ಮವರಿಗೆ ಒಂದು ಫೋನ್ ಕಂಬ ನೆಡಲು ಕೈಲಾಗಲಿಲ್ಲವೇ? ನಿಮ್ಮ ಶಿಬಿರಕ್ಕೆ ತರಕಾರಿ ಒಯ್ಯುವ ಲಾರಿಯವರು ಇವತ್ತು ಕನ್ನಡಕದ ಕಡ್ಡಿ ಮುರಿದುಕೊಂಡು ಅಂಗಡಿಗೆ ಬಂದರು. ಸಂಜೆ ಹೊರಡುತ್ತಾರಂತೆ. ಅವರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ಗಾಬರಿಯಾಗಬೇಡ, ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮೊಲ ಬದುಕಿದೆ. ಇದನ್ನು ಬರೆಯುತ್ತಿರುವಾಗ ಮೇಜಿನ ಕೆಳಗೆ ಕೂತು ಮೇಜಿನ ಕಾಲನ್ನೇ ಕಟಕಟ ಕಡಿಯುತ್ತಿದೆ, ಅಕ್ಷರ ಸೊಟ್ಟಗಾದರೆ ಅದಕ್ಕೇ. ಆದರೆ ಬದುಕಿದೆ ಅನ್ನುವ ಒಂದು ಮಾತು ಬರೆಯುವಷ್ಟು ಮಾಡಿಕೊಳ್ಳಲು ನಾನು ಪಟ್ಟ ಪಾಡು ನಿನಗೆ ಗೊತ್ತಾಗಬೇಕು. ಸುಮ್ಮನೆ "ಎಲ್ಲ ಕ್ಷೇಮ" ಅಂತ ಬರೆದು ಮುಗಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಅವನ ಕಾಟ ಎಲ್ಲಿಗೆ ಮುಟ್ಟಿತ್ತು ಅಂತ ನೀನೇ ನೋಡಿದ್ದೀಯ. ವಯಸ್ಸಿಗೆ ಬಂದದ್ದೇ ತಡ, ಸೋಫಾದ ಮೂಲೆಮೂಲೆಗೂ ಉಚ್ಚೆ ಹೊಯ್ದು ಮನೆಯನ್ನೆಲ್ಲ ತನ್ನ ಹೆಸರಿಗೆ ಮಾಡಿಕೊಂಡ. ನನ್ನ ಎಡಗಾಲಿನ ಚಪ್ಪಲಿಯನ್ನು ಮದುವೆಯಾಗುವವನ ಹಾಗೆ ಸುತ್ತಿದ. ಬಿಡಿಸಲು ಹೋದ ಎದುರುಮನೆಯ ಕಂಡಕ್ಟರ ಬೆರಳು ಕಚ್ಚಿದ. ಸುಮ್ಮನೆ ದೊರೆ ಅಂತ ಹೆಸರಿಟ್ಟೆ ನೀನು, ಹೆಸರಿಗೆ ತಕ್ಕ ಹಾಗೆ ದರ್ಬಾರು ನಡೆಸಿದ. "ಅತ್ತೆ, ಸಂತಾನಹರಣದ ಆಪರೇಷನ್ ಮಾಡಿಸಿಬಿಡೋಣ, ಶಾಂತ ಆಗ್ತಾನೆ" ಅಂದವಳು ನೀನೇ. ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿದವಳೂ ನೀನೇ. ಅಷ್ಟರಲ್ಲಿ ಸುರಂಗಕ್ಕೆ ನೀರು ನುಗ್ಗಿದೆ, ಅಳತೆ ಮತ್ತೆ ತೆಗೆಯಬೇಕು ಅಂತ ಕರೆ ಬಂತು, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟೆ. ಹೋಗುವಾಗ ಬಾಗಿಲಲ್ಲಿ ನಿಂತು "ನೀವೇ ಒಂಚೂರು ಕರ್ಕೊಂಡ್ ಹೋಗ್ಬನ್ನಿ ಅತ್ತೆ, ಚಿಕ್ಕ ಕೆಲಸ" ಅಂದೆ. ಚಿಕ್ಕ ಕೆಲಸ! ಕನ್ನಡಕದ ಮೂಗುಪಟ್ಟಿ ಬದಲಾಯಿಸುವುದು ಚಿಕ್ಕ ಕೆಲಸ. ಇದು ಚಿಕ್ಕ ಕೆಲಸವಾದರೆ ನಿನ್ನ ಸುರಂಗವನ್ನು ನಾನು ಚಮಚದಲ್ಲಿ ತೋಡಿಕೊಡುತ್ತೇನೆ.

ಆಪರೇಷನ್ ದಿನ ಬೆಳಿಗ್ಗೆ ಅವನ ಮುಂದಿದ್ದ ಹುಲ್ಲು, ಸೊಪ್ಪು ಎಲ್ಲ ಎತ್ತಿಟ್ಟೆ. ಮನುಷ್ಯರನ್ನು ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗುತ್ತಾರಲ್ಲ, ಹಾಗೇ ಅಂದುಕೊಂಡೆ. ಬುಟ್ಟಿಯಲ್ಲಿ ಹಾಕಿ, ಮೇಲೊಂದು ಟವೆಲು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಆಸ್ಪತ್ರೆಯ ಬೆಂಚಿನ ಆ ತುದಿಯಲ್ಲಿ ಕರುವಿನಷ್ಟು ದೊಡ್ಡ ನಾಯಿ, ಈ ತುದಿಯಲ್ಲಿ ನಾನು ಮತ್ತು ದೊರೆ. ಆ ಡಾಕ್ಟರಮ್ಮ ನೋಡಲು ಇನ್ನೂ ಕಾಲೇಜು ಹುಡುಗಿಯ ಹಾಗಿದ್ದಾಳೆ, ಆದರೆ ಬೈಯುವುದರಲ್ಲಿ ಪಳಗಿದ ಕೈ. "ಏನಮ್ಮಾ ಇದು, ಮೊಲಾನ ಉಪವಾಸ ಕೆಡವ್ತಾರಾ? ಅದರ ಹೊಟ್ಟೆ ಯಾವಾಗ್ಲೂ ನಡೀತಾನೇ ಇರಬೇಕು. ಒಂದ್ಸಲ ನಿಂತರೆ ಮತ್ತೆ ನಡೆಸೋದು ಕಷ್ಟ" ಅಂದಳು. ಎಲ್ಲರ ಮುಂದೆ. ಆ ನಾಯಿಯೂ ನನ್ನನ್ನೇ ನೋಡಿತು. ಕಡೆಗೆ ಅಲ್ಲೇ ಅವನಿಗೆ ಹುಲ್ಲು ಹಾಕಿ, ಹೊಟ್ಟೆ ತುಂಬ ತಿಂದ ಮೇಲೆ ಮಧ್ಯಾಹ್ನಕ್ಕೆ ಒಳಗೆ ತೆಗೆದುಕೊಂಡಳು. ಈ ವಿಷಯ ನಿನಗೆ ಗೊತ್ತಿತ್ತು ತಾನೇ? ಹೇಳಿ ಹೋಗಲು ನಿನಗೆ ಬಾಯಿ ಇರಲಿಲ್ಲವೇ? ನಿನ್ನ ಹಿಂದೆ ನಾನು ಬೈಸಿಕೊಂಡದ್ದು ಇದೊಂದೇ ಅಲ್ಲ, ಮುಂದೆ ಇನ್ನೂ ಇದೆ.

ಕತ್ತರಿಸುವ ಕೆಲಸವೇನೋ ಸಲೀಸಾಗಿ ಮುಗಿಯಿತು. ಡಾಕ್ಟರಮ್ಮ ಬುಟ್ಟಿಯನ್ನು ಕೈಗೆ ಕೊಡುವಾಗ, "ಇವತ್ತು ಮಂಕಾಗಿರ್ತಾನೆ, ಬೆಚ್ಚಗಿಡಿ. ಆದರೆ ನಾಳೆ ಬೆಳಿಗ್ಗೆಯೊಳಗೆ ಏನಾದರೂ ತಿನ್ನಲೇಬೇಕು, ಹಿಕ್ಕೆ ಹಾಕಲೇಬೇಕು. ಇಲ್ದಿದ್ರೆ ಸುಮ್ನೆ ಕಾಯ್ತಾ ಕೂರಬೇಡಿ, ನೇರ ಇಲ್ಲಿಗೆ ಬನ್ನಿ" ಅಂತ ಎರಡು ಸಲ ಹೇಳಿದಳು. ಮನೆಗೆ ಬಂದು ಗಾಯಕ್ಕೆ ಚುಚ್ಚದ ಹಾಗೆ ಮೆತ್ತನೆಯ ಹಳೆಯ ಟವೆಲು ಹಾಸಿ, ಕಿಟಕಿಯ ಗಾಳಿ ಬಡಿಯದ ಮೂಲೆಯಲ್ಲಿ ಬಿಟ್ಟೆ. ದೊರೆಗಳು ಬೆನ್ನು ಗೂನು ಮಾಡಿ, ಮುಖ ಗೋಡೆಗೆ ಹಾಕಿ, ನನಗೆ ಬೆನ್ನು ತೋರಿಸಿ ಕೂತರು. ಮೊಲ ಮುನಿಸಿಕೊಳ್ಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆ ಬೆನ್ನು ನೋಡಿದ್ದರೆ ನಿನಗೂ ಅರ್ಥವಾಗುತ್ತಿತ್ತು, ಆಪರೇಷನ್ ನಾನೇ ಕೂತು ಮಾಡಿದೆ ಅನ್ನುವ ಹಾಗೆ!

ಒಣಹುಲ್ಲು ಇಟ್ಟೆ, ಮೂಸಲಿಲ್ಲ. ಹೊಸ ಕಟ್ಟು ಬಿಚ್ಚಿ ಅದರ ಒಳಗಿನ ಹಸಿರು ಎಳೆಗಳನ್ನೇ ಆರಿಸಿ ಇಟ್ಟೆ, ಮೂಗು ಮುರಿದ. ಕೊತ್ತಂಬರಿ, ಪುದೀನ, ಮೂಲಂಗಿಯ ಎಲೆ, ಒಂದೊಂದನ್ನೂ ತೊಳೆದು, ಒರೆಸಿ, ಮೂಗಿನ ಮುಂದೆ ಆಡಿಸಿದೆ. ನಾನು ಸೊಪ್ಪು ಹಾಕಿದ್ದೇ ಹಾಕಿದ್ದು, ಅವನು ಮಾತ್ರ ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಎದುರುಮನೆ ಕಂಡಕ್ಟರು ಕಚ್ಚಿಸಿಕೊಂಡ ಬೆರಳಿನ ಸಿಟ್ಟು ಮರೆತು ಒಂದು ದೊಡ್ಡ ಗಜ್ಜರಿ ಹಿಡಿದುಕೊಂಡು ಬಂದರು. ಬಸ್ಸಿನಿಂದ ನಿವೃತ್ತರಾದ ಮೇಲೆ ಅವರಿಗೆ ನಿಲ್ಲಿಸುವುದಕ್ಕೆ, ಹೊರಡಿಸುವುದಕ್ಕೆ ಏನೂ ಸಿಗದೆ ಇಡೀ ಮಹಡಿಯ ಉಸಾಬರಿ ಅವರದೇ ಅಂತ ನಿನಗೆ ಗೊತ್ತಲ್ಲ. "ಮೊಲ ಅಂದ್ರೆ ಗಜ್ಜರಿ ಕಣ್ರೀ, ಚಿಕ್ಕ ಮಕ್ಕಳ ಪುಸ್ತಕದಲ್ಲೂ ಇದೆ" ಅಂದರು. ಗಜ್ಜರಿ ತುಂಬ ಸಿಹಿ, ಅದನ್ನು ಜಾಸ್ತಿ ಕೊಡಬಾರದು ಅಂತ ನೀನು ಹೇಳಿದ್ದನ್ನು ಹೇಳಿದೆ. ಹಾಗಾದರೆ ಪುಸ್ತಕದವರು ಸುಳ್ಳು ಬರೆಯುತ್ತಾರಾ ಅಂತ ನನ್ನ ಮೇಲೇ ರೇಗಿದರು. ವಾದ ಮಾಡಿದ್ದು ನಾವಿಬ್ಬರು, ಗಜ್ಜರಿಯ ಕಡೆ ಕಣ್ಣೆತ್ತಿಯೂ ನೋಡದೆ ಗೆದ್ದವನು ದೊರೆ. ಕಡೆಗೆ ಆ ಗಜ್ಜರಿಯನ್ನು ಕಂಡಕ್ಟರೇ ಕಡಿದುಕೊಂಡು ಹೋದರು.

ಮಾರನೆಯ ಬೆಳಿಗ್ಗೆ ನೋಡಿದರೆ ಹುಲ್ಲು ಇಟ್ಟಲ್ಲೇ ಇದೆ. ಟವೆಲಿನ ಮೇಲೆ ಒಂದು ಹಿಕ್ಕೆಯೂ ಇಲ್ಲ. ಹತ್ತಿರ ಬಗ್ಗಿದಾಗ ಹಲ್ಲು ಕಡಿಯುವ ಸದ್ದು ಕೇಳಿಸಿತು. ಖುಷಿಯಾದಾಗ ಅವನು ಮೆಲ್ಲಗೆ ಹಲ್ಲು ಉಜ್ಜುತ್ತಾನಲ್ಲ, ಅದಲ್ಲ. ಇದು ಕಲ್ಲಿಗೆ ಕಲ್ಲು ತಿಕ್ಕಿದ ಹಾಗೆ ಗಟ್ಟಿ. ಅಂಗಡಿಯ ಬಾಗಿಲಿಗೆ "ಈಗ ಬರುತ್ತೇನೆ" ಫಲಕ ಹಾಕಿ ಮತ್ತೆ ಬುಟ್ಟಿ, ಮತ್ತೆ ಬಸ್ಸು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಕೊಳವೆ ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿ, ಒಳಗೆ ಏನಾದರೂ ಸಿಕ್ಕಿಹಾಕಿಕೊಂಡಿದೆಯೇ ಅಂತ ಎಕ್ಸ್‌ರೇ ತೆಗೆದಳು. ಏನೂ ಅಡ್ಡ ಇರಲಿಲ್ಲ. "ನೋವಿಗೆ ತಿನ್ನೋದು ಬಿಟ್ಟಿದಾನೆ, ತಿನ್ನದೇ ಇರೋದಕ್ಕೆ ಹೊಟ್ಟೆ ನಿಧಾನ ಆಗಿದೆ, ಹೊಟ್ಟೆ ನಿಧಾನ ಆಗಿರೋದಕ್ಕೆ ನೋವು ಇನ್ನೂ ಜಾಸ್ತಿ" ಅಂದಳು. ನೋವಿಗೊಂದು, ಹೊಟ್ಟೆ ಚುರುಕಾಗಲು ಒಂದು ಸೂಜಿ ಚುಚ್ಚಿ, ಚರ್ಮದಡಿಗೆ ನೀರು ಏರಿಸಿ, ಮನೆಯಲ್ಲಿ ಕೊಡಲು ಔಷಧಿ ಕೊಟ್ಟಳು. ಜೊತೆಗೆ ಹುಲ್ಲನ್ನು ಅರೆದು ಮಾಡಿದ ಹಸಿರು ಪುಡಿ, ಸೂಜಿಯಿಲ್ಲದ ಸಿರಿಂಜು. ಬೆಚ್ಚಗಿನ ನೀರಿನಲ್ಲಿ ಕಲಸಿ, ಮುಂದಿನ ಹಲ್ಲಿನ ಪಕ್ಕದ ಸಂದಿಯಿಂದ ಒಂದಿಷ್ಟೇ ಬಿಟ್ಟು, ಅವನು ನುಂಗಿದ ಮೇಲೆ ಮತ್ತೊಂದಿಷ್ಟು. ಅವಸರ ಮಾಡಿದರೆ ಉಸಿರಿನ ದಾರಿಗೆ ಹೋಗುತ್ತದೆ. ದಿನಕ್ಕೆ ಹಲವು ಸಲ, ಅವನಾಗಿ ತಿನ್ನುವವರೆಗೆ. "ಗುಣ ಆಗುತ್ತಾ ಡಾಕ್ಟ್ರೇ?" ಅಂದೆ. "ಇವತ್ತು ನಾಳೆ ನೋಡೋಣ" ಅಂದಳು. ಡಾಕ್ಟರುಗಳು ನೋಡೋಣ ಅಂದರೆ ಏನರ್ಥ ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಈಗ ಆ ಸಿರಿಂಜಿನ ಕಥೆ ಕೇಳು. ಮೊದಲ ಸಲ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ, ಟವೆಲು ನನ್ನ ಕೈಯಲ್ಲಿ ಉಳಿಯಿತು, ಮೊಲ ಅಲಮಾರಿಯ ಹಿಂದೆ ಸೇರಿತು. ಕಾಯಿಲೆಯವನಿಗೆ ಓಡಲು ಎಲ್ಲಿಂದ ಬಲ ಬರುತ್ತದೆ, ತಿನ್ನಲು ಮಾತ್ರ ಬರುವುದಿಲ್ಲ! ಎರಡನೆಯ ಸಲ ಕಂಡಕ್ಟರನ್ನು ಕರೆದೆ. ಅವರು ಹಿಡಿದರು, ನಾನು ಬಾಯಿಗೆ ಬಿಟ್ಟೆ. ಅವನು ತಲೆ ಒದರಿದ ರಭಸಕ್ಕೆ ಹಸಿರು ರಾಡಿ ನನ್ನ ಕನ್ನಡಕದ ಮೇಲೆ, ಕಂಡಕ್ಟರ ಮೀಸೆಯ ಮೇಲೆ, ನೀನು ಕಷ್ಟಪಟ್ಟು ಬಣ್ಣ ಹೊಡೆದ ಗೋಡೆಯ ಮೇಲೆ. ಹೊಟ್ಟೆಗೆ ಮಾತ್ರ ಹೋಗಲಿಲ್ಲ. ಕಂಡಕ್ಟರು ಹಳೆಯ ಅಭ್ಯಾಸ ಬಿಡದೆ, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಅಂತ ಆ ರಾಡಿಗೇ ಹೇಳುತ್ತಿದ್ದರು. ನಗು ಬರುವ ಹೊತ್ತಲ್ಲ, ಆದರೂ ನಕ್ಕೆ. ನಕ್ಕದ್ದಕ್ಕೆ ಕೈ ಅಲುಗಿ ಇನ್ನೊಂದಿಷ್ಟು ಸೋಫಾಕ್ಕೆ. ಕೆಳಗೆ ಅಂಗಡಿಯಲ್ಲಿ ಗಿರಾಕಿಗಳು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತ "ನಿಮ್ಮ ಕೆನ್ನೆ ಮೇಲೆ ಏನೋ ಹಸಿರು" ಅಂದರೆ, ಹೌದು ಬಣ್ಣ ಅಂದೆ. ಎಷ್ಟು ಜನಕ್ಕೆ ಮೊಲದ ಕಥೆ ಹೇಳಲಿ? ಒಬ್ಬರು ಮಹಾಶಯರು, "ಮೊಲಕ್ಕೆ ಇಷ್ಟೆಲ್ಲ ಮಾಡ್ತಾರಾ?" ಅಂತ ಕೇಳಿದರು. ಅವರ ಕನ್ನಡಕದ ತಿರುಪನ್ನು ಬೇಕೆಂದೇ ನಿಧಾನವಾಗಿ ಬಿಗಿಮಾಡಿ, ಬಾಗಿಲಲ್ಲಿ ಕಾಯಿಸಿದೆ.

ಹೀಗೆ ಕೊಟ್ಟೆ, ಕೊಟ್ಟೆ, ಕೊಡುತ್ತಲೇ ಹೋದೆ. ಒಂದಿಷ್ಟು ಒಳಗೆ ಹೋಗತೊಡಗಿತು. ಆದರೂ ಅವನಾಗಿ ಬಾಯಿ ಹಾಕಲಿಲ್ಲ, ಹಿಕ್ಕೆಯೂ ಇಲ್ಲ. ಆವತ್ತು ಮಧ್ಯಾಹ್ನ ನನ್ನ ತಾಳ್ಮೆಯ ದಾರ ಹರಿಯಿತು. "ಏನಂದ್ಕೊಂಡಿದೀಯ ನೀನು? ತಿನ್ನಲ್ಲ ಅಂದ್ರೆ ತಿನ್ನಲ್ವಾ? ನಾನೇನು ಬೇರೆ ಕೆಲಸ ಇಲ್ದೆ ಬಿದ್ದಿದೀನಾ? ಒಂದೇ ಒಂದು ತುತ್ತು, ಅದೂ ಆಗಲ್ವಾ ನಿಂಗೆ?" ಅಂತ ಕಿರುಚಿದೆ. ಕಂಡಕ್ಟರು ಹೆದರಿ ಬಾಗಿಲಿಗೆ ಬಂದು ನಿಂತರು. ಮೊಲಕ್ಕೆ ಬೈಯುತ್ತಿದ್ದೇನೆ ಅಂತ ಅವರು ಅಂದುಕೊಂಡರು. ನನಗೂ ಹಾಗೇ ಅನಿಸಿತ್ತು. ಆದರೆ ಆ ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ, ಅದನ್ನು ಹಿಂದೆ ಎಲ್ಲಿ ಅಂದಿದ್ದೆ ಅಂತ ನೆನಪಾಗಿ ನೆಲದ ಮೇಲೆ ಕೂತುಬಿಟ್ಟೆ. ಕಂಡಕ್ಟರು ಬಾಗಿಲು ಮುಂದೆ ಮಾಡಿಕೊಂಡು ಹೋದರು. ತಿನ್ನಲೊಲ್ಲದ ಬಾಯಿಯ ಮುಂದೆ ಚಮಚ ಹಿಡಿದು ಕೂರುವುದು ನಾವಿಬ್ಬರೂ ಮಾಡಿದ ಕೆಲಸ ಪುಟ್ಟೀ, ಹಗಲು ನಾನು, ರಾತ್ರಿ ನೀನು. ನನ್ನ ಮಗ, ನಿನ್ನ ಗಂಡ, ಆ ಆಸ್ಪತ್ರೆಯ ಹಾಸಿಗೆಯಲ್ಲಿ ಮುಖವನ್ನು ಗೋಡೆಗೆ ಮಾಡಿಕೊಂಡು ಮಲಗುತ್ತಿದ್ದ. ಅವನಿಗೂ ನಾನು ರೇಗುತ್ತಿದ್ದೆ. ನನಗೆ ಬರುವುದು ಅದೊಂದೇ, ಹೆದರಿಕೆಯಾದರೆ ರೇಗುವುದು.

ಇಷ್ಟು ಬರೆದ ಮೇಲೆ ಇದನ್ನೂ ಬರೆದುಬಿಡುತ್ತೇನೆ. ಅವನು ಹೋದ ಮೇಲೆ ನೀನೂ ನಾನೂ ಈ ಮನೆಯಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡಿದೆವು. ಜಗಳವಿರಲಿಲ್ಲ. ಜಗಳವಾಡುವಷ್ಟು ಮಾತೂ ಇರಲಿಲ್ಲ. ನೀನು ರಟ್ಟಿನ ಪೆಟ್ಟಿಗೆಯಲ್ಲಿ ಈ ಮೊಲವನ್ನು ತಂದ ದಿನ ನಾನು ಕೂಗಾಡಿದೆನಲ್ಲ, ಎಷ್ಟೋ ತಿಂಗಳಾದ ಮೇಲೆ ಈ ಮನೆಯಲ್ಲಿ ಕೇಳಿದ ದೊಡ್ಡ ದನಿ ಅದು. ಆಮೇಲೆ ನೀನು "ದೊರೆ, ನಿಮ್ಮಜ್ಜಿಗೆ ಹೇಳು, ನಾನು ನಾಳೆ ಬೇಗ ಹೊರಡ್ತೀನಿ" ಅನ್ನುವುದು, ನಾನು "ದೊರೆ, ನಿಮ್ಮಮ್ಮಂಗೆ ಹೇಳು, ಊಟದ ಡಬ್ಬಿ ಮರೀಬಾರ್ದು" ಅನ್ನುವುದು. ಆ ಉದ್ದ ಕಿವಿಗಳ ಮೂಲಕ ಮಾತು ದಾಟಿಸಿ ದಾಟಿಸಿ, ಯಾವಾಗಲೋ ಒಂದು ದಿನ ನೇರವಾಗಿ ಮಾತಾಡಿಕೊಂಡೆವು. ಅದಕ್ಕೇ ಆ ಮಧ್ಯಾಹ್ನ ನೆಲದ ಮೇಲೆ ಕೂತಾಗ ನನ್ನ ಜೀವ ಬಾಯಿಗೆ ಬಂದಿತ್ತು. ಇವನೂ ಕಣ್ಣು ಮುಚ್ಚಿದರೆ ನಿನಗೆ ಏನಂತ ಬರೆಯಲಿ? ತಿಂಗಳಿಗೊಮ್ಮೆ ಆ ಬೆಟ್ಟ ಇಳಿದು ಈ ಮೆಟ್ಟಿಲು ಹತ್ತಲು ನಿನಗೆ ಇನ್ನೇನು ಕಾರಣ ಉಳಿಯುತ್ತದೆ? ಅತ್ತೆಯ ಮುಖ ನೋಡಲು ಯಾರೂ ಅಷ್ಟು ದೂರ ಬರುವುದಿಲ್ಲ. ನನ್ನ ಮುಖ ನನಗೆ ಗೊತ್ತಿದೆ, ದಿನವಿಡೀ ಕನ್ನಡಿಗಳ ನಡುವೆ ಕೂರುವವಳು.

ಆಮೇಲೆ ಆದದ್ದನ್ನು ಹೇಳಿದರೆ ನಿನಗೆ ನಂಬಿಕೆ ಬರುವುದಿಲ್ಲ. ಎದ್ದು ನೋಡಿದರೆ ಮನೆ ಮನೆಯಾಗಿರಲಿಲ್ಲ. ಎಲ್ಲೆಲ್ಲೂ ಹುಲ್ಲು, ಬಾಡಿದ ಸೊಪ್ಪು, ಒಣಗಿದ ಹಸಿರು ಚುಕ್ಕೆ. ಅವನಂತೂ ತಿನ್ನುವುದಿಲ್ಲ, ಕಸವನ್ನಾದರೂ ಗುಡಿಸೋಣ ಅಂತ, ಆವತ್ತೇ ಕೊಂಡಿದ್ದ ಹೊಸ ಪೊರಕೆಯ ಸುತ್ತಿನ ಕಾಗದ ಬಿಚ್ಚಿದೆ. ಅದೇ, ಮೆತ್ತನೆಯ ಹುಲ್ಲಿನ ಪೊರಕೆ. ಅವನ ಮೂಲೆಯ ಹತ್ತಿರ ಒಂದು ಸಲ ಬೀಸಿದೆ ಅಷ್ಟೇ. ಏನೋ ಹಿಂದಕ್ಕೆ ಎಳೆಯಿತು. ಯಾವುದಕ್ಕೋ ಸಿಕ್ಕಿಕೊಂಡಿತು ಅಂತ ನಾನೂ ಎಳೆದೆ. ಮತ್ತೆ ಎಳೆಯಿತು. ಬಗ್ಗಿ ನೋಡಿದರೆ ದೊರೆಗಳು ಗೋಡೆಯಿಂದ ಇತ್ತ ತಿರುಗಿ, ಪೊರಕೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಿವಿ ಹಿಂದಕ್ಕೆ ಹಾಕಿ, ಕೊಡುವುದಿಲ್ಲ ಅಂತ ಹಟ ಹಿಡಿದು ನಿಂತಿದ್ದಾರೆ. ಒಂದು ಕಡ್ಡಿ ಕಿತ್ತುಕೊಂಡು, ಬಾಯಿ ಆಡಿಸಿ ಆಡಿಸಿ, ನನ್ನ ಕಣ್ಣೆದುರೇ ನುಂಗಿದ. ತೊಳೆದ ಸೊಪ್ಪು ಬೇಡ, ಆರಿಸಿದ ಹುಲ್ಲು ಬೇಡ, ಅವನಿಗೆ ಬೇಕಾಗಿದ್ದದ್ದು ನನ್ನ ಕೈಯಿಂದ ಕಿತ್ತುಕೊಳ್ಳುವ ಸುಖ! ಡಾಕ್ಟರಮ್ಮನಿಗೆ ಫೋನ್ ಹಚ್ಚಿ "ಪೊರಕೆ ತಿಂದ" ಅಂದೆ. "ಏನಂದ್ರಿ, ಇನ್ನೊಂದ್ಸಲ ಹೇಳಿ" ಅಂದಳು. ಆಮೇಲೆ, "ಪೊರಕೆ ಬೇಡಮ್ಮಾ, ಅದಕ್ಕೆ ಏನು ಸಿಂಪಡಿಸಿರ್ತಾರೋ ಏನೋ. ಒಣಹುಲ್ಲನ್ನೇ ಪೊರಕೆ ಥರ ಕಟ್ಟಿ, ನೀವು ಹಿಡ್ಕೊಂಡು ಆಡಿಸಿ" ಅಂದಳು. ನೋವಿಗೆ ಕೊಟ್ಟ ಔಷಧಿ ಹಿಡಿದಿದೆ, ಅದಕ್ಕೇ ಬಾಯಿ ಹಾಕಿದ್ದಾನೆ ಅಂತಲೂ ಅಂದಳು. ಇರಬಹುದು. ನಾನು ಮಾತ್ರ ಪೊರಕೆಗೇ ಕೈ ಮುಗಿಯುತ್ತೇನೆ.

ಕನ್ನಡಕಕ್ಕೆ ಕಟ್ಟುವ ಕಪ್ಪು ದಾರ ತಂದು ಒಣಹುಲ್ಲಿನ ಪೊರಕೆ ಕಟ್ಟಿದೆ. ಕಲಿತವಳ ಹಾಗೆ ಕಟ್ಟಿದ್ದೇನೆ, ನೀನು ಬಂದಾಗ ನೋಡು. ಅದನ್ನು ಹಿಡಿದು ನೆಲದ ಮೇಲೆ ಗುಡಿಸುವ ಹಾಗೆ ಎಳೆಯುವುದು, ಅವನು ಕಚ್ಚಿ ಜಗ್ಗುವುದು, ಒಂದೊಂದು ಎಳೆ ಬಿಟ್ಟುಕೊಡುವುದು. ಮೊಣಕಾಲು ನೋವು ಅಂತ ಕೆಳಗೆ ಕೂರದ ನಾನು ಆವತ್ತು ಸಂಜೆಯಿಡೀ ನೆಲದ ಮೇಲೆ ತೆವಳಿದೆ. ಸುಲಭವಾಗಿ ಬಿಟ್ಟುಕೊಟ್ಟರೆ ಅವನಿಗೆ ಆಗುವುದಿಲ್ಲ. ಜಗ್ಗಬೇಕು, ನಾನು "ಬಿಡೋ, ಬಿಡೋ" ಅನ್ನಬೇಕು. ಅಷ್ಟಾದ ಮೇಲೂ ಸಿರಿಂಜು ನಿಲ್ಲಿಸಲಿಲ್ಲ, ಹಿಕ್ಕೆ ಕಾಣುವವರೆಗೆ ನಿಲ್ಲಿಸಬೇಡಿ ಅಂತ ಡಾಕ್ಟರಮ್ಮನ ಕಟ್ಟಪ್ಪಣೆ.

ಮಾರನೆಯ ದಿನ ಬೆಳಿಗ್ಗೆ ಟವೆಲಿನ ಮೂಲೆಯಲ್ಲಿ ಕಪ್ಪಗೆ ಏನೋ ಕಂಡಿತು. ಬಟ್ಟೆಯ ನೂಲೋ, ಮತ್ತೇನೋ ಅಂತ ಅಂಗಡಿಯ ಭೂತಗನ್ನಡಿ ತಂದು ನೋಡಿದೆ. ಹಿಕ್ಕೆ. ಸಾಸಿವೆಗಿಂತ ಒಂಚೂರು ದೊಡ್ಡದು, ಸೊಟ್ಟಗೆ, ಆದರೂ ಹಿಕ್ಕೆ. ಕೆಳಗೆ ಓಡಿಬಂದು ಅಂಗಡಿಯ ಫೋನಿನಿಂದ, "ಡಾಕ್ಟ್ರೇ, ಹಾಕಿದಾನೆ! ಹಿಕ್ಕೆ ಹಾಕಿದಾನೆ!" ಅಂತ ಕೂಗಿದೆ. ಎದುರಿಗೆ ಪರೀಕ್ಷೆಯ ದಪ್ಪ ಫ್ರೇಮು ಹಾಕಿಕೊಂಡು ಗೋಡೆಯ ಅಕ್ಷರ ಓದುತ್ತಿದ್ದ ಗಿರಾಕಿ ಓದುವುದನ್ನೇ ನಿಲ್ಲಿಸಿದ. "ಮೊಮ್ಮಗನಾ?" ಅಂತ ಕೇಳಿದ. ಹೂಂ ಅಂದೆ. ಸುಳ್ಳೇನಲ್ಲವಲ್ಲ. ಮಧ್ಯಾಹ್ನದ ಹೊತ್ತಿಗೆ ಇನ್ನಷ್ಟು ಬಂತು. ಆಮೇಲೆ ದುಂಡಗೆ, ಒಂದೇ ಅಳತೆಯವು, ಎಣಿಸಲಾಗದಷ್ಟು. ನೆಲದ ಮೇಲೆ ಒಂದು ಹಿಕ್ಕೆ ಕಂಡರೆ ಮನೆ ತಲೆಕೆಳಗು ಮಾಡುತ್ತಿದ್ದ ನಾನು ಅವನ್ನು ಅಂಗೈಯಲ್ಲಿಟ್ಟುಕೊಂಡು ಕಂಡಕ್ಟರಿಗೆ ತೋರಿಸಲು ಹೋದೆ. ಅವರು ಕನ್ನಡಕ ಏರಿಸಿ ನೋಡಿ, "ರೈಟ್, ರೈಟ್, ಹೋಗ್ಲಿ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು. ಮೀಸೆಗೆ ಅಂಟಿದ ಹಸಿರು ಇನ್ನೂ ಹೋಗಿಲ್ಲ ಪಾಪ.

ಈಗ ಅವನು ಹುಲ್ಲು ತಿನ್ನುತ್ತಿದ್ದಾನೆ, ಸೊಪ್ಪು ತಿನ್ನುತ್ತಿದ್ದಾನೆ, ನನ್ನ ತಲೆ ತಿನ್ನುವುದಂತೂ ಯಾವತ್ತೂ ಬಿಟ್ಟಿರಲಿಲ್ಲ. ಗಾಯ ಒಣಗಿದೆ. ನಿನ್ನೆ ಡಾಕ್ಟರಮ್ಮ ನೋಡಿ ಇನ್ನು ಸಿರಿಂಜು ಬೇಡ ಅಂದಳು, ಬೈಯಲು ಏನೂ ಸಿಗದೆ ಅವಳ ಮುಖವೇ ಸಪ್ಪಗಾಗಿತ್ತು. ಶಾಂತನಾಗುತ್ತಾನೆ ಅಂದೆಯಲ್ಲ, ಎಲ್ಲಿಯ ಶಾಂತ? ಅದಕ್ಕೆ ಇನ್ನೂ ಕೆಲವು ವಾರ ಬೇಕಂತೆ. ಇವತ್ತು ಬೆಳಿಗ್ಗೆ ಮತ್ತೆ ನನ್ನ ಚಪ್ಪಲಿಯ ಸುತ್ತ ಒಂದು ಸುತ್ತು ಹಾಕಿ, ಏನೋ ಮರೆತವನ ಹಾಗೆ ನಿಂತು, ಹೊರಟುಹೋದ. ಸೋಫಾ ಮಾತ್ರ ಬಿಸಾಡಬೇಕು, ಅದನ್ನು ತೊಳೆದು ಸಾಕಾಯಿತು. ನೀನು ಬಂದ ಮೇಲೆ ಗೋಡೆಗೆ ಬಣ್ಣ ಹೊಡೆಯುವುದು ನಿನ್ನ ಕೆಲಸ. ನಾನು ಏಣಿ ಹಿಡಿಯುತ್ತೇನೆ, ಅಷ್ಟೇ.

ಊಟ ಬಿಡಬೇಡ. ಅಳತೆ ತೆಗೆಯುತ್ತೀನಿ ಅಂತ ಹಸಿದ ಹೊಟ್ಟೆಯಲ್ಲಿ ಆ ಕತ್ತಲೆಯೊಳಗೆ ನಿಲ್ಲಬೇಡ. ಕಂಡಕ್ಟರು ನಿನ್ನನ್ನು ಕೇಳಿದೆ ಅಂತ ಹೇಳಲು ಹೇಳಿದ್ದಾರೆ. ಮೇಲೆ ಕಲ್ಲು ಬೀಳದಿರಲಿ, ಕಾಲಡಿ ನೀರು ಬಾರದಿರಲಿ, ಹೋದ ಕೆಲಸ ಕೈಗೂಡಲಿ. ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೆ ಒಂದಕ್ಷರವೂ ನಿನ್ನ ಮೇಲಿನ ಸಿಟ್ಟಲ್ಲ. ಅರ್ಧದಷ್ಟು ಇರಬಹುದು.

ನಿನ್ನ ಕ್ಷೇಮವನ್ನೇ ಎದುರು ನೋಡುವ,
ಅತ್ತೆ

ಮರೆತೆ: ಲಾರಿಯವರು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ, ತಪ್ಪು ತಿಳಿಯಬೇಡ. ಪ್ರತಿ ಸಲ ನಿನ್ನನ್ನು ಜೀಪಿನಲ್ಲಿ ಕರೆತರುವ ಆ ಎತ್ತರದ ಮನುಷ್ಯರು ಬೀದಿಯ ಆ ಕೊನೆಯಲ್ಲೇ ನಿಲ್ಲಿಸುತ್ತಾರೆ, ನೀನು ಅಷ್ಟು ದೂರ ಚೀಲ ಹೊತ್ತು ನಡೆದು ಬರುತ್ತೀಯ. ನೀನು ಬಾಗಿಲು ದಾಟುವವರೆಗೂ ಅವರು ಅಲ್ಲೇ ನಿಂತಿರುತ್ತಾರೆ. ನಾನು ಕಿಟಕಿಯಿಂದ ನೋಡಿದ್ದೇನೆ. ಕಳೆದ ಸಲ ಅವರು ಏನೋ ಅಂದರು, ನೀನು ತಲೆ ಹಿಂದಕ್ಕೆ ಹಾಕಿ ನಕ್ಕೆ. ಆ ನಗು ನಾನು ಕಂಡು ಎಷ್ಟು ಕಾಲವಾಗಿತ್ತು! ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಅದನ್ನು ಒರೆಸಿಕೊಂಡು ಬಂದೆ. ನನಗೋಸ್ಕರ ಒರೆಸಿಕೊಂಡೆ ಅಂತ ಗೊತ್ತು. ಇನ್ನು ಮೇಲೆ ಒರೆಸಿಕೊಳ್ಳಬೇಡ. ಮುಂದಿನ ಸಲ ಜೀಪು ನಮ್ಮ ಬಾಗಿಲಿಗೇ ಬರಲಿ, ಅವರು ಮೇಲೆ ಬರಲಿ, ಮೂವರ ಅಡಿಗೆ ಮಾಡಿರುತ್ತೇನೆ. ಆಮೇಲೆ ನೀನು ಎಲ್ಲಿ ಮನೆ ಮಾಡಿದರೂ ಈ ಮೆಟ್ಟಿಲು ನಿನ್ನದೇ, ಅದಕ್ಕೆ ಮೊಲದ ನೆಪ ಬೇಕಾಗಿಲ್ಲ. ಮೊಲದ ಕೂದಲಿಗೆ ಅವರಿಗೆ ಸೀನು ಬರುತ್ತದೆಯೇ ಅಂತ ಮಾತ್ರ ಮೊದಲೇ ಕೇಳಿಕೊಂಡು ಬಾ.